ಮಣ್ಣಿನ ಬಂಡಿಗೆ ಬೆಲೆ ತಂದವರು: ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ಆಟಿಕೆಯೆಂಬುದು ನೋಡಲು ಕಿರಿದಾದ ವಸ್ತು. ಆದರೆ ಮಗುವಿನ ಪಾಲಿಗೆ ಅದೇ ಮೊದಲ ಒಡೆತನ, ಮೊದಲ ಒಡನಾಡಿ, ಮೊದಲ ಪಾಠಪುಸ್ತಕ. ಅದನ್ನು ಮಾಡಿದ ಕುಶಲಿಗನ ಪಾಲಿಗೆ ಅದು ಕಾಯಕ. ಅವನ ಮನೆಯ ಒಲೆ ಉರಿಯುವುದು ಅದರಿಂದಲೇ. ಕೊಳ್ಳುವ ಕೈಯನ್ನೂ ಮಾಡುವ ಕೈಯನ್ನೂ ಒಟ್ಟಿಗೆ ಕಂಡು, ಎರಡರ ನಡುವೆ ಕಡಿದುಹೋಗುತ್ತಿದ್ದ ದಾರಿಯನ್ನು ಮರಳಿ ಕಟ್ಟಿದ ಹಿರಿಯರಲ್ಲಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ಅಗ್ರಗಣ್ಯರು. ಸ್ವಾತಂತ್ರ್ಯ ಹೋರಾಟಗಾರ್ತಿಯೆಂದು, ಮಹಿಳಾ ಚಳವಳಿಯ ನಾಯಕಿಯೆಂದು, ರಂಗಭೂಮಿಯ ಪೋಷಕಿಯೆಂದು ಅವರನ್ನು ನಾಡು ನೆನೆಯುತ್ತದೆ. ಕರಕುಶಲಿಗಳ ಪಾಲಿಗೆ ಅವರು ತಾಯಿಯ ಸ್ಥಾನದಲ್ಲಿ ನಿಂತವರು. ಮಂಗಳೂರಿನಲ್ಲಿ ಹುಟ್ಟಿ, ಹುಬ್ಬಳ್ಳಿಯನ್ನು ಕೇಂದ್ರವಾಗಿರಿಸಿಕೊಂಡಿದ್ದ ಸೇವಾದಳದಲ್ಲಿ ದುಡಿದು, ಇಡೀ ದೇಶದ ಕುಶಲಿಗಳ ನೋವು ನಲಿವುಗಳಿಗೆ ದನಿಯಾದ ಅವರ ಬಾಳು ವಿದ್ಯಾಸಂಸ್ಥೆಗಳು ಮರೆಯಬಾರದ ಬಾಳು.

ಉತ್ತರ ಕರ್ನಾಟಕದ ಮನೆಗಳಲ್ಲಿ ಆಟಿಕೆಗೂ ಹಬ್ಬಕ್ಕೂ ಬಿಡಿಸಲಾಗದ ನಂಟು. ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಕುಂಬಾರರ ಮನೆಯಿಂದ ಹಸಿಮಣ್ಣಿನ ಎತ್ತುಗಳು ಮನೆಮನೆಗೂ ಬರುತ್ತವೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಕೂರಿಸಿ ಹಾಡುತ್ತಾರೆ. ಜಾತ್ರೆಯೆಂದರೆ ಮಕ್ಕಳಿಗೆ ತೇರಿನಷ್ಟೇ ಮುಖ್ಯವಾದದ್ದು ತೇರಿನ ಹಾದಿಯ ಆಟಿಕೆಯ ಅಂಗಡಿ. ಕೊಪ್ಪಳದ ಬಳಿಯ ಕಿನ್ನಾಳ, ಬೆಳಗಾವಿ ಸೀಮೆಯ ಗೋಕಾಕ ಇವೆರಡೂ ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಊರುಗಳು. ಗೋಕಾಕದ ಕುಶಲಿಗಳು ಮರದಲ್ಲಿ ಕೆತ್ತಿ ಬಣ್ಣವಿಟ್ಟ ಹಣ್ಣು, ಕಾಯಿಪಲ್ಲೆಗಳನ್ನು ದೂರದಿಂದ ನೋಡಿದವರು ನಿಜವಾದವೆಂದೇ ಭ್ರಮಿಸುವಂತಿರುತ್ತವೆ.

ಈ ನೆಲದ ಆಟಿಕೆಗಳ ಪಕ್ಕದಲ್ಲಿಯೇ ಆಗಾಗ ಹೊರಗಿನ ಆಟಿಕೆಯ ಹುಚ್ಚೊಂದು ಬೀಸಿ ಬಂದು, ಬಂದಷ್ಟೇ ವೇಗದಿಂದ ಹಿಂದಿರುಗುವುದು ವಾಡಿಕೆ. ಹಂಗೇರಿಯ ಎರ್ನೊ ರೂಬಿಕ್ 1974ರಲ್ಲಿ ರೂಪಿಸಿದ ಬಣ್ಣದ ಘನ 1980ರ ಬಳಿಕ ಜಗತ್ತಿನ ಶಾಲೆಗಳನ್ನೆಲ್ಲ ಆವರಿಸಿತು. 1999ರಲ್ಲಿ ಜಪಾನಿನಲ್ಲಿ ಹುಟ್ಟಿದ ಬೇಬ್ಲೇಡ್ ಎಂಬ ತಿರುಗುವ ಆಟಿಕೆ ದೂರದರ್ಶನದ ಚಿತ್ರಮಾಲಿಕೆಯ ಬೆನ್ನೇರಿ ಭಾರತದ ಮಕ್ಕಳನ್ನೂ ಮರುಳುಮಾಡಿತು. 2017ರಲ್ಲಿ ಬೆರಳ ತುದಿಯಲ್ಲಿ ತಿರುಗುವ ಸ್ಪಿನ್ನರ್ ಬಂದು ಕೆಲವೇ ತಿಂಗಳಲ್ಲಿ ಮರೆಯಾಯಿತು. ಬೇಬ್ಲೇಡಿನ ಮೂಲ ಜಪಾನಿನ ಹಳೆಯ ಬೇಗೋಮಾ ಎಂಬ ಬುಗುರಿ. ತಮ್ಮ ನಾಡಿನ ಹಳೆಯ ಬುಗುರಿಗೆ ಹೊಸ ಉಡುಪು ತೊಡಿಸಿ ಅವರು ಲೋಕಕ್ಕೆಲ್ಲ ಮಾರಿದರು. ಚನ್ನಪಟ್ಟಣದ ಅರಗಿನ ಬುಗುರಿಯಾದರೋ ತನ್ನ ನಾಡಿನ ಅಂಗಡಿಯಲ್ಲಿಯೇ ಮೂಲೆ ಸೇರಿತು. ಹುಬ್ಬಳ್ಳಿಯ ಗೋಕುಲ ರಸ್ತೆಯಂತಹ ಬೆಳೆಯುವ ಬಡಾವಣೆಯ ಮಕ್ಕಳೂ ಈ ಗಾಳಿಗೆ ಹೊರತಾಗಿ ಉಳಿದವರಲ್ಲ. ನೆರೆಮನೆಯ ಮಗುವಿನ ಕೈಯಲ್ಲಿ ಕಂಡದ್ದು ತನಗೂ ಬೇಕೆಂಬ ಹಟ ಎಲ್ಲ ಕಾಲದ ಎಲ್ಲ ಮಕ್ಕಳ ಹಟ.

ಈ ಹಟವನ್ನು ಸಂಸ್ಕೃತದ ಕವಿ ಶೂದ್ರಕ ಬಹು ಹಿಂದೆಯೇ ಕಂಡಿದ್ದನು. ಅವನ ಮೃಚ್ಛಕಟಿಕ ನಾಟಕದಲ್ಲಿ ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ ಬಂದವನು, ತನಗೆ ಕೊಟ್ಟ ಮಣ್ಣಿನ ಬಂಡಿಯನ್ನು ಒಲ್ಲೆನೆಂದು ಅಳುತ್ತಾನೆ. ಅದನ್ನು ಕಂಡ ವಸಂತಸೇನೆ ಮನಕರಗಿ, ತನ್ನ ಮೈಮೇಲಿನ ಒಡವೆಗಳನ್ನು ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ನಾಟಕಕ್ಕೆ ಹೆಸರು ಬಂದದ್ದು ಆ ಮಗುವಿನ ಆಟಿಕೆಯಿಂದಲೇ. ಇದೇ ಕಥೆಯನ್ನು ಆಧರಿಸಿ ಮೋಹನ ಭವನಾನಿಯವರು ನಿರ್ದೇಶಿಸಿದ ಮೂಕಚಿತ್ರದಲ್ಲಿ ಕಮಲಾದೇವಿಯವರು ಅಭಿನಯಿಸಿದರು. ಕನ್ನಡ ಚಿತ್ರರಂಗದ ಮೂಕಯುಗದ ಇತಿಹಾಸದಲ್ಲಿ ಆ ಚಿತ್ರಕ್ಕೆ ಮೊದಲ ಸಾಲಿನ ಸ್ಥಾನವಿದೆ. ಕುಲವಂತರ ಮನೆಯ ಹೆಣ್ಣುಮಗಳು ಬೆಳ್ಳಿತೆರೆಯ ಮೇಲೆ ಬರುವುದು ಅಪಚಾರವೆಂದು ಜನ ಭಾವಿಸಿದ್ದ ಕಾಲವದು. ಮುಂದೆ ದೇಶದ ಮಣ್ಣಿನ ಬಂಡಿಗಳಿಗೆಲ್ಲ ಬೆಲೆ ತಂದುಕೊಡಲು ಹೊರಟ ಮಹಿಳೆ ಆ ಕಥೆಯಲ್ಲಿ ಪಾತ್ರಧಾರಿಯಾದದ್ದು ಒಂದು ಸೊಗಸಾದ ಯೋಗಾಯೋಗ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಓದುಬರಹ ಬಲ್ಲ, ಸ್ವತಂತ್ರ ಮನೋಭಾವದ ಮಹಿಳೆ. ಕಮಲಾದೇವಿಯವರು ಏಳು ವರ್ಷದ ಬಾಲಕಿಯಾಗಿದ್ದಾಗಲೇ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲವಾಗಿ ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಸೇರಿತು. ವಿಧವೆಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳ ಭತ್ಯೆ ಮಾತ್ರ. ಗಿರಿಜಾಬಾಯಿಯವರು ಆ ಭತ್ಯೆಗೂ ಕೈಯೊಡ್ಡದೆ, ತಮ್ಮ ತವರಿನಿಂದ ಬಂದ ಸೊತ್ತಿನಿಂದಲೇ ಮಕ್ಕಳನ್ನು ಸಾಕಿದರು. ದುಡಿದವರಿಗೆ ದುಡಿಮೆಯ ಫಲದ ಮೇಲೆ ಹಕ್ಕಿರಬೇಕೆಂಬ ಮಾತು ಕಮಲಾದೇವಿಯವರ ಬಾಳಿನುದ್ದಕ್ಕೂ ಕೇಳಿಬರುತ್ತದೆ. ಅದರ ಬೇರು ಈ ಬಾಲ್ಯದ ಅನುಭವದಲ್ಲಿಯೇ ಇದ್ದಿತೆನ್ನಬಹುದು.

ಅಂದಿನ ರೂಢಿಯಂತೆ 1917ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಅವರ ವಿವಾಹವಾಯಿತು. ಎರಡು ವರ್ಷ ತುಂಬುವುದರೊಳಗೆ ಪತಿಯನ್ನು ಕಳೆದುಕೊಂಡರು. ಬಾಲವಿಧವೆಯರಿಗೆ ಮನೆಯ ಕತ್ತಲೆಯ ಮೂಲೆಯೇ ಗತಿಯೆಂದಿದ್ದ ಕಾಲದಲ್ಲಿ ತಾಯಿಯ ಬೆಂಬಲದಿಂದ ಅವರು ಓದನ್ನು ಮುಂದುವರಿಸಿದರು. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಕಲಿಯುತ್ತಿದ್ದಾಗ ಕವಿಯೂ ನಟರೂ ಆಗಿದ್ದ, ಸರೋಜಿನಿ ನಾಯಿಡು ಅವರ ತಮ್ಮ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಇಬ್ಬರೂ ವಿವಾಹವಾದರು. ವಿಧವಾವಿವಾಹವೂ ಪ್ರಾಂತ ಜಾತಿಗಳ ಗಡಿ ದಾಟಿದ ವಿವಾಹವೂ ಆದ ಇದು ಬಂಧುಬಳಗದಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ದಂಪತಿಗಳಿಗೆ ರಾಮಕೃಷ್ಣನೆಂಬ ಒಬ್ಬನೇ ಮಗ. ಅವರ ದಾಂಪತ್ಯ ಮುಂದೆ ಮುರಿದುಬಿದ್ದರೂ, ರಂಗಭೂಮಿಯ ಮೇಲಿನ ಪ್ರೀತಿ ಕಮಲಾದೇವಿಯವರಲ್ಲಿ ಕೊನೆಯವರೆಗೂ ಉಳಿಯಿತು.

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಅವರನ್ನು ತಾಯ್ನಾಡಿಗೆ ಎಳೆತಂದಿತು. 1923ರಲ್ಲಿ ಕಾಕಿನಾಡ ಅಧಿವೇಶನದ ಸಂದರ್ಭದಲ್ಲಿ ಡಾ. ನಾ. ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಅದರ ಕೇಂದ್ರ ಹುಬ್ಬಳ್ಳಿ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಶಿಸ್ತಿನ ಸೇವೆಗೆ ಹೆಸರಾದ ಈ ದಳದ ಮಹಿಳಾ ವಿಭಾಗದ ಹೊಣೆಯನ್ನು ಕಮಲಾದೇವಿಯವರು ವಹಿಸಿಕೊಂಡರು. ಮನೆಯ ಹೊಸಿಲು ದಾಟದ ಹೆಣ್ಣುಮಕ್ಕಳನ್ನು ಕವಾಯತಿಗೂ ಶಿಬಿರಕ್ಕೂ ಕರೆತರುವುದು ಸುಲಭದ ಮಾತಾಗಿರಲಿಲ್ಲ. ಹೀಗೆ ದೇಶಸೇವೆಯ ಮೊದಲ ವರ್ಷಗಳಲ್ಲಿಯೇ ಅವರಿಗೆ ಹುಬ್ಬಳ್ಳಿಯ ನಂಟು ಬೆಳೆಯಿತು.

1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೋತ್ಸಾಹದಿಂದ ಮದರಾಸು ಪ್ರಾಂತೀಯ ಶಾಸನಸಭೆಯ ಚುನಾವಣೆಗೆ ನಿಂತು ಕೆಲವೇ ಮತಗಳ ಅಂತರದಿಂದ ಸೋತರು. ಸೋತರೂ, ಶಾಸನಸಭೆಗೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆಯೆಂಬ ಕೀರ್ತಿ ಅವರದಾಯಿತು. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸ್ಥಾಪನೆಯಾದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಪಾಲಿರಬೇಕೆಂದು ಗಾಂಧೀಜಿಯವರಲ್ಲಿ ವಾದಿಸಿ ಒಪ್ಪಿಸಿದವರಲ್ಲಿ ಅವರು ಪ್ರಮುಖರು. ಮುಂಬಯಿಯ ಕಡಲ ತಡಿಯಲ್ಲಿ ಉಪ್ಪು ತಯಾರಿಸಿ, ಅದರ ಪೊಟ್ಟಣಗಳನ್ನು ಶೇರುಪೇಟೆಯೊಳಗೇ ಒಯ್ದು ಮಾರಿದ ಅವರ ಧೈರ್ಯ ದೇಶದಲ್ಲೆಲ್ಲ ಮನೆಮಾತಾಯಿತು. ಸೆರೆಮನೆವಾಸ ತಪ್ಪಲಿಲ್ಲ. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ ವಹಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶವಿದೇಶಗಳನ್ನು ಸುತ್ತಿ ಭಾರತದ ಸ್ವಾತಂತ್ರ್ಯದ ಪರವಾಗಿ ಜನಮತವನ್ನು ಬೆಳೆಸಿದರು.

ಸ್ವಾತಂತ್ರ್ಯ ಬಂದಾಗ ಅವರ ಜೊತೆಗೆ ದುಡಿದ ಅನೇಕರು ಅಧಿಕಾರದ ಪೀಠಗಳನ್ನೇರಿದರು. ಕಮಲಾದೇವಿಯವರು ಆ ಹಾದಿಯನ್ನು ಹಿಡಿಯಲಿಲ್ಲ. ದೇಶವಿಭಜನೆಯಿಂದ ನೆಲೆ ಕಳೆದುಕೊಂಡವರ ಗೋಳು ಅವರ ಮನಸ್ಸನ್ನು ಕಲಕಿತು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿ, ವಾಯವ್ಯ ಗಡಿ ಪ್ರಾಂತದಿಂದ ಬಂದ ಸುಮಾರು 50,000 ನಿರಾಶ್ರಿತರಿಗಾಗಿ ದಿಲ್ಲಿಯ ಬಳಿ ಫರೀದಾಬಾದಿನಲ್ಲಿ ಹೊಸ ಪಟ್ಟಣವೊಂದನ್ನು ನೆಲೆಗೊಳಿಸುವ ಕಾರ್ಯದಲ್ಲಿ ತೊಡಗಿದರು. ಬೇಡುವ ಕೈಗೆ ಅನ್ನ ನೀಡುವುದಕ್ಕಿಂತ ಕೆಲಸ ನೀಡುವುದು ಹಿರಿದೆಂಬ ತತ್ತ್ವ ಅಲ್ಲಿ ಆಚರಣೆಗೆ ಬಂದಿತು. ಕಾಯಕದ ಮಹಿಮೆಯನ್ನು ಎಂಟುನೂರು ವರ್ಷಗಳ ಹಿಂದೆಯೇ ಸಾರಿದ ಶರಣರ ನಾಡಿನಿಂದ ಬಂದವರಿಗೆ ಈ ತತ್ತ್ವ ಹೊಸದಾಗಿ ತೋರಿರಲಾರದು. ಅನುಭವ ಮಂಟಪದಲ್ಲಿ ಕುಂಬಾರ ಗುಂಡಯ್ಯ, ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ ಮೊದಲಾದವರ ಹೆಸರುಗಳಿಗೆ ಸಂದ ಗೌರವ ಅವರ ಕಾಯಕಗಳಿಗೂ ಸಂದಿತ್ತಷ್ಟೆ.

1952ರಲ್ಲಿ ಭಾರತ ಸರಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿದಾಗ ಅದರ ಅಧ್ಯಕ್ಷತೆ ಕಮಲಾದೇವಿಯವರ ಪಾಲಿಗೆ ಬಂದಿತು. ಸುಮಾರು ಎರಡು ದಶಕಗಳ ಕಾಲ ಅವರು ಆ ಹೊಣೆಯನ್ನು ಹೊತ್ತರು. ಆ ಹೊತ್ತಿಗೆ ದೇಶದ ಕುಶಲ ಕಲೆಗಳ ಸ್ಥಿತಿ ಶೋಚನೀಯವಾಗಿತ್ತು. ಅರಸೊತ್ತಿಗೆಗಳು ಕಣ್ಮರೆಯಾಗಿ ಆಶ್ರಯದಾತರು ಇಲ್ಲವಾಗಿದ್ದರು. ಯಂತ್ರದ ತಗಡಿನ ಆಟಿಕೆಗಳು ಮೊದಲೇ ಪೇಟೆಗೆ ಬಂದಿದ್ದವು. ಅವುಗಳ ಬೆನ್ನಲ್ಲೇ ಪ್ಲಾಸ್ಟಿಕ್ಕು ಬಂದಿತು. ಹಗುರ, ಅಗ್ಗ, ಥಳಕು. ಕುಶಲಿಯು ವಾರಗಟ್ಟಲೆ ದುಡಿದು ಮಾಡಿದ್ದನ್ನು ಯಂತ್ರ ಗಳಿಗೆಯಲ್ಲಿ ಅಚ್ಚೊತ್ತಿ ಎಸೆಯುತ್ತಿತ್ತು.

ಹೀಗೆ ಅಳಿವಿನಂಚಿಗೆ ಸರಿಯುತ್ತಿದ್ದ ಕಸುಬುಗಳು ಎಂತಹವೆಂಬುದನ್ನು ಅರಿಯಲು ಕರ್ನಾಟಕದ ಎರಡು ಊರುಗಳನ್ನು ನೋಡಿದರೆ ಸಾಕು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಸುಮಾರು 60 ಕಿಲೋಮೀಟರಿನ ದೂರದಲ್ಲಿರುವ ಚನ್ನಪಟ್ಟಣ ಬೊಂಬೆಗಳ ಊರೆಂದೇ ಹೆಸರಾದುದು. ಟೀಪು ಸುಲ್ತಾನನ ಕಾಲದಲ್ಲಿ ಪರ್ಶಿಯಾದ ಕುಶಲಿಗಳಿಂದ ಈ ವಿದ್ಯೆ ಇಲ್ಲಿಗೆ ಬಂದಿತೆಂದು ಪ್ರತೀತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಬೆಳೆಸಿದ ಬಾವಾಸ್ ಮಿಯಾ ಅವರನ್ನು ಅಲ್ಲಿನ ಜನ ಚನ್ನಪಟ್ಟಣದ ಆಟಿಕೆಯ ಪಿತಾಮಹರೆಂದು ಗೌರವಿಸುತ್ತಾರೆ. ದಂತದಂತೆ ಬಿಳುಪಾದ, ಮೃದುವಾದ ಹಾಲೆಮರವನ್ನು ಕಡಿದು ತಿಂಗಳುಗಟ್ಟಲೆ ಒಣಗಿಸಿ, ಚರಕಿಗೆ ಏರಿಸಿ ಉಳಿಯಿಂದ ದುಂಡಗೆ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ಒಣಗಿದ ಎಲೆಯೊಂದನ್ನು ಮೇಲೆ ಒತ್ತಿ ಹಿಡಿದರೆ ಕನ್ನಡಿಯಂತಹ ಹೊಳಪು ಏಳುತ್ತದೆ. ಬೇರೆ ಕುಂಚವಿಲ್ಲ, ಒಲೆಯಿಲ್ಲ. ತಿರುಗುವ ಮರವೇ ತನ್ನ ಬಣ್ಣವನ್ನು ತಾನು ಬರಮಾಡಿಕೊಳ್ಳುತ್ತದೆ. ಚೂಪಾದ ಅಂಚಿಲ್ಲದ ಗಿಲಕಿ, ಬುಗುರಿ, ಉಂಗುರಗಳ ಗೋಪುರ, ಆಡುಕುದುರೆ ಇವು ಹಸುಳೆಯ ಕೈಗೂ ಬಾಯಿಗೂ ಹಿತವಾದವು.

ಕಿನ್ನಾಳದ ಬಗೆಯೇ ಬೇರೆ. ಅಲ್ಲಿಯ ಚಿತ್ರಗಾರರ ಮನೆತನಗಳ ಪರಂಪರೆಯನ್ನು ವಿಜಯನಗರದ ಕಾಲಕ್ಕೆ ಕೂಡಿಸಿ ಹೇಳುವುದುಂಟು. ಹಗುರವಾದ ಮರದ ತುಂಡುಗಳನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಬೆಸೆದು, ಗೋಣಿಯ ನಾರನ್ನು ಪುಡಿಮಾಡಿ ಅದೇ ಅಂಟಿನೊಡನೆ ಕಲಸಿದ ಕಿಟ್ಟದಿಂದ ಸಂದುಗಳನ್ನು ತುಂಬುತ್ತಾರೆ. ಸಣ್ಣ ಕಲ್ಲಿನ ಪುಡಿಯ ಲೇಪದಿಂದ ಒಡವೆ ವಸ್ತ್ರಗಳ ಉಬ್ಬುಗೆರೆಗಳನ್ನು ಮೂಡಿಸಿ, ಆಮೇಲೆ ಬಣ್ಣವಿಡುತ್ತಾರೆ. ಗರುಡ, ಕಾಮಧೇನು, ಗೌರಿಯ ಮೂರ್ತಿಗಳನ್ನು ಮಾಡಿದ ಕೈಗಳೇ ಮಕ್ಕಳ ಆಟಿಕೆಗಳನ್ನೂ ಮಾಡುತ್ತವೆ. ದೇವರನ್ನು ಕೆತ್ತುವ ಉಳಿಗೂ ಮಗುವಿನ ಗಿಳಿಯನ್ನು ಕೆತ್ತುವ ಉಳಿಗೂ ಅಲ್ಲಿ ಭೇದವಿಲ್ಲ.

ಇಂತಹ ನೂರಾರು ಕಸುಬುಗಳನ್ನು ಉಳಿಸುವುದು ಹೇಗೆ? ಮೃಚ್ಛಕಟಿಕದ ಕಥೆ ಇಲ್ಲಿಯೂ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ವಸಂತಸೇನೆ ಕರುಣೆಯಿಂದ ತುಂಬಿದ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನ ಕೊರಳಿಗೆ ಉರುಳಾಗುತ್ತವೆ. ಕರುಣೆಯ ಕೊಡುಗೆ ಒಂದು ದಿನದ ಅಳುವನ್ನು ನಿಲ್ಲಿಸಬಲ್ಲುದು, ಬಾಳನ್ನು ಕಟ್ಟಲಾರದು. ಕಮಲಾದೇವಿಯವರ ಕಾರ್ಯವಿಧಾನದಲ್ಲಿ ಕುಶಲಿಗಳಿಗೆ ದಾನವೆಂಬುದಕ್ಕೆ ಕಡಿಮೆ ಸ್ಥಾನ, ಪೇಟೆಯೆಂಬುದಕ್ಕೆ ಹೆಚ್ಚು ಸ್ಥಾನ. ದಿಲ್ಲಿಯ ಕೇಂದ್ರ ಗೃಹಕೈಗಾರಿಕಾ ಮಳಿಗೆಯ ಆಡಳಿತವನ್ನು ಅವರ ಸಹಕಾರ ಸಂಸ್ಥೆ 1952ರಲ್ಲಿ ವಹಿಸಿಕೊಂಡಿತು. ಹಳ್ಳಿಯ ಕುಶಲಿಯ ವಸ್ತು ರಾಜಧಾನಿಯ ಗ್ರಾಹಕನ ಕಣ್ಣಮುಂದೆ ಬಂದಿತು. ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ವಿನ್ಯಾಸ ಕೇಂದ್ರಗಳು ತೆರೆದುವು. ಹಳೆಯ ಕೈಚಳಕವನ್ನು ಕೆಡಿಸದೆ ಹೊಸ ಮನೆಯ ಅಗತ್ಯಗಳಿಗೆ ಹೊಂದಿಸುವುದು ಅವುಗಳ ಉದ್ದೇಶ. ಅಳಿಯುತ್ತಿದ್ದ ಕಲೆಗಳನ್ನು ಬಲ್ಲ ಮುದುಕರನ್ನು ಹುಡುಕಿ, ಅವರ ಬಳಿ ಕಿರಿಯರನ್ನು ಕಲಿಕೆಗೆ ಕೂರಿಸುವ ವ್ಯವಸ್ಥೆಯಾಯಿತು. 1964ರಲ್ಲಿ ಭಾರತ ಕರಕುಶಲ ಪರಿಷತ್ತು ಅವರ ನೇತೃತ್ವದಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ವಿಶ್ವ ಕರಕುಶಲ ಪರಿಷತ್ತಿನ ಹುಟ್ಟಿನಲ್ಲಿಯೂ ಅವರ ಪಾತ್ರವಿತ್ತು. 1965ರಿಂದ ನಿಪುಣ ಕುಶಲಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿ ಆರಂಭವಾಯಿತು. ಊರಿನ ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಕುಶಲಿ ದೇಶದ ರಾಜಧಾನಿಯಲ್ಲಿ ಮನ್ನಣೆ ಪಡೆದು ಊರಿಗೆ ಮರಳಿದಾಗ, ಅವನ ಮಕ್ಕಳ ಕಣ್ಣಿನಲ್ಲಿ ಆ ಕಸುಬಿಗೆ ಹೊಸ ಬೆಲೆ ಬಂದಿತು.

ಮಂಡಳಿಯ ಕಡತಗಳ ನಡುವೆ ಕುಳಿತು ಕಾಲ ಕಳೆಯುವುದು ಅವರ ಸ್ವಭಾವಕ್ಕೆ ಒಗ್ಗದ ಮಾತು. ಹಳ್ಳಿಹಳ್ಳಿಗೆ ಹೋಗಿ ಕುಶಲಿಗಳ ಜಗುಲಿಯ ಮೇಲೆ ಕುಳಿತು ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಿದ ಅನುಭವವನ್ನೆಲ್ಲ ಅವರು ಗ್ರಂಥಗಳಲ್ಲಿ ದಾಖಲಿಸಿದರು. ಭಾರತದ ಕರಕುಶಲ ಕಲೆಗಳನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳು ಈ ವಿಷಯದ ಅಭ್ಯಾಸಿಗಳಿಗೆ ಆಧಾರಗ್ರಂಥಗಳಾಗಿವೆ. 1986ರಲ್ಲಿ ಅವರ ಆತ್ಮಕಥನ ಪ್ರಕಟವಾಯಿತು. ರಂಗಭೂಮಿಗೂ ಅವರ ಸೇವೆ ಸಣ್ಣದಲ್ಲ. ಭಾರತೀಯ ನಾಟ್ಯ ಸಂಘವನ್ನು ಕಟ್ಟಿದವರು ಅವರೇ, ಬೆಂಗಳೂರಿನಲ್ಲಿ 1964ರಲ್ಲಿ ಕಥಕ್ ನೃತ್ಯಶಾಲೆ ತೆರೆಯಲು ಕಾರಣರಾದವರೂ ಅವರೇ. 1955ರಲ್ಲಿ ಪದ್ಮಭೂಷಣ, 1966ರಲ್ಲಿ ರಾಮನ್ ಮ್ಯಾಗ್ಸೇಸೆ ಪ್ರಶಸ್ತಿ, 1974ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಅವರು ಬಿತ್ತಿದ್ದೆಲ್ಲ ಫಲಿಸಿತೆಂದು ಹೇಳಲಾಗದು. ಅವರ ಕಾಲಾನಂತರ ಪೇಟೆಗೆ ವಿದೇಶದ ಅಗ್ಗದ ಆಟಿಕೆಗಳ ಮಹಾಪೂರವೇ ಹರಿಯಿತು. ಚನ್ನಪಟ್ಟಣದಲ್ಲಿ ಚರಕಿ ನಿಲ್ಲಿಸಿ ಬೇರೆ ಕೂಲಿ ಹುಡುಕಿದ ಮನೆಗಳಿವೆ. ಕಿನ್ನಾಳದಲ್ಲಿ ಕಸುಬು ಹಿಡಿದು ಕುಳಿತ ಮನೆತನಗಳು ಬೆರಳೆಣಿಕೆಯವು. ಆದರೂ ಬೇರು ಒಣಗಲಿಲ್ಲ. ಹೊಸ ಶತಮಾನದ ಮೊದಲ ದಶಕದಲ್ಲಿ ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆಯಿತು. ಕಿನ್ನಾಳದ ಗೊಂಬೆಗಳಿಗೂ ಅದು ಸಂದಿತು. ಆಟಿಕೆಗಳ ಗುಣಮಟ್ಟವನ್ನು ಕಡ್ಡಾಯಗೊಳಿಸುವ 2020ರ ಆಜ್ಞೆ 2021ರ ಜನವರಿಯಿಂದ ಜಾರಿಗೆ ಬಂದಾಗ, ನೋಂದಾಯಿತ ಕುಶಲಿಗಳಿಗೆ ಅದರಿಂದ ವಿನಾಯಿತಿ ನೀಡಲಾಯಿತು. ದೊಡ್ಡ ಕಾರ್ಖಾನೆಗೆ ಹೊಲಿದ ಅಂಗಿಯನ್ನು ಜಗುಲಿಯ ಕುಶಲಿಗೆ ತೊಡಿಸಬಾರದೆಂಬ ವಿವೇಕ ಅದರಲ್ಲಿದೆ. 2021ರ ಭಾರತ ಆಟಿಕೆ ಮೇಳದಲ್ಲಿ ಚನ್ನಪಟ್ಟಣದ ಕುಶಲಿಗಳೂ ಭಾಗವಹಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಆಟಿಕೆಯ ಮೂಲಕ ಕಲಿಸುವ ಕ್ರಮಕ್ಕೆ ಶಾಲೆಗಳಲ್ಲಿ ಪ್ರೋತ್ಸಾಹ ದೊರೆತಿದೆ.

ಈ ಕೊನೆಯ ಮಾತು ಶಿಕ್ಷಕರಿಗೂ ಶಾಲೆಗಳ ಪೋಷಕರಿಗೂ ಸಂಬಂಧಪಟ್ಟದ್ದು. ಉಂಗುರಗಳ ಗೋಪುರದಿಂದ ಎಣಿಕೆಯನ್ನೂ ಗಾತ್ರದ ಕ್ರಮವನ್ನೂ ಕಲಿಸಬಹುದು. ಬುಗುರಿಯಿಂದ ಚಲನೆಯ ಪಾಠವನ್ನೂ, ಅರಗಿನ ಕಡ್ಡಿಯಿಂದ ಉಷ್ಣದ ಪಾಠವನ್ನೂ ಹೇಳಬಹುದು. ಮಣ್ಣೆತ್ತಿನಿಂದ ಒಕ್ಕಲುತನದ ಋತುಚಕ್ರವನ್ನೇ ಬಿಡಿಸಿ ತೋರಿಸಬಹುದು. ಶಿಶುವಿಹಾರಕ್ಕೆ ಆಟಿಕೆ ಕೊಳ್ಳುವಾಗ, ಬಹುಮಾನದ ದಿನಕ್ಕೆ ಕಾಣಿಕೆ ಆರಿಸುವಾಗ, ದಾನಿಗಳು ಮಕ್ಕಳಿಗೆ ಏನನ್ನಾದರೂ ಕೊಡಬೇಕೆಂದು ಬಯಸುವಾಗ ಕಿನ್ನಾಳ, ಗೋಕಾಕ, ಚನ್ನಪಟ್ಟಣಗಳ ನೆನಪಾದರೆ ಒಂದೇ ಹಣ ಎರಡು ಮನೆಗಳನ್ನು ಬೆಳಗುತ್ತದೆ. ಆಟಿಕೆಯ ಹುಚ್ಚು ಮಕ್ಕಳಿಂದ ಮಾಯವಾಗುವಂಥದಲ್ಲ, ಮಾಯವಾಗಬೇಕಾದುದೂ ಇಲ್ಲ. ಆ ಹುಚ್ಚಿಗೆ ಈ ನೆಲದ ಕೈಗಳು ಮಾಡಿದ ಚೆಲುವಾದ ವಸ್ತುವೊಂದನ್ನು ಕೊಡುವ ಹೊಣೆ ಹಿರಿಯರದು. ಆಸ್ತಿಯಿಲ್ಲದ ಮನೆಯಲ್ಲಿ ಬೆಳೆದು, ಅಧಿಕಾರವನ್ನು ದೂರವಿರಿಸಿ, ಹೆಸರಿಲ್ಲದ ಲಕ್ಷಾಂತರ ಕುಶಲಿಗಳಿಗೆ ಹೆಸರು ತಂದ ಮಂಗಳೂರಿನ ಆ ಮಗಳಿಗೆ ಸಲ್ಲಿಸಬಹುದಾದ ಗೌರವ ಇದೇ.